ಪವಾಯಿ ಕೆರೆಯಂಗಳದಲ್ಲಿ ಕೇಳಿದ ಸಿಳ್ಳು

ದೆವ್ವ ಭೂತಗಳ ಮಾತು ಶುರುವಾದರೆ ಎದ್ದುಹೋಗುವ ಜಾತಿಯವನು ನಾನು. ಹುಟ್ಟಿದ್ದು ಉಡುಪಿಯ ಕಡೆ, ಭೂತಕೋಲದ ಸೀಮೆಯಲ್ಲಿ. ಆದರೆ ಮುಂಬಯಿಯ ಪರೇಲಿನ ಮಿಲ್ಲೊಂದರಲ್ಲಿ ಎಲೆಕ್ಟ್ರಿಷಿಯನ್ ಆದ ಮೇಲೆ, ತಂತಿಯಲ್ಲಿ ಹರಿಯದ ಯಾವ ಶಕ್ತಿಯನ್ನೂ ನಾನು ನಂಬಿದವನಲ್ಲ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಒತ್ತಾಯವೂ ನನಗಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

ಎಪ್ಪತ್ತರ ದಶಕದ ಆರಂಭದ ಮಾತು. ಚೋರ್‌ಬಜಾರಿನಿಂದ ತಂದ ಬಿಡಿಭಾಗಗಳು, ಒಂದು ಹಳೆಯ ಟ್ರಾನ್ಸಿಸ್ಟರು, ಪ್ಲೈವುಡ್ ಬಿಲ್ಲೆಗೆ ಸುತ್ತಿದ ತಾಮ್ರದ ತಂತಿ ಇಷ್ಟನ್ನು ಸೇರಿಸಿ ನೆಲದಡಿಯ ಲೋಹ ಹುಡುಕುವ ಯಂತ್ರವೊಂದನ್ನು ಮಾಡಿಕೊಂಡಿದ್ದೆ. ಕೆಳಗೆ ಲೋಹವಿದ್ದರೆ ಅದು ಸಿಳ್ಳು ಹಾಕುತ್ತಿತ್ತು, ಅದೂ ಗೇಣುದ್ದ ಆಳದವರೆಗೆ ಮಾತ್ರ. ಭಾನುವಾರ ಅದನ್ನು ಹೆಗಲಿಗೇರಿಸಿ ಸಯನ್ನಿನ ನಮ್ಮ ಚಾಳಿನಿಂದ ಹೊರಟರೆ, "ಮನೆಯಲ್ಲಿ ಕಳೆದ ಸೌಟು ಹುಡುಕ್ಲಿಕ್ಕೆ ಆಗುದಿಲ್ಲ, ಊರ ನಿಧಿ ಹುಡುಕ್ತಾರಂತೆ ಮಾರಾಯ್ರು" ಎಂದು ಹೆಂಡತಿ ಅಕ್ಕಪಕ್ಕದವರಿಗೆ ಕೇಳುವ ಹಾಗೆ ಹೇಳುತ್ತಿದ್ದಳು.

ಈ ಹುಚ್ಚಿನಲ್ಲಿ ಯಂತ್ರಕ್ಕಿಂತ ಜಾಗ ಮುಖ್ಯ. ಜನ ನಡೆದಲ್ಲಿ ಏನೂ ಸಿಗುವುದಿಲ್ಲ, ಕೂತಲ್ಲಿ ಸಿಗುತ್ತದೆ. ಕೂತಾಗಲೇ ಸೊಂಟದ ಗಂಟು ಸಡಿಲಾಗುವುದು, ಕಿವಿಯ ತಿರುಪು ಜಾರುವುದು. ಸಯನ್ ಕೋಟೆಯ ಇಳಿಜಾರು, ಬಾವಿಕಟ್ಟೆ, ಹಳೆಯ ಮರದ ಬುಡ ಎಲ್ಲ ನೋಡಿಯಾದ ಮೇಲೆ ನನಗೆ ಹೊಳೆದದ್ದು ಪವಾಯಿ ಕೆರೆ. ಮೇ ತಿಂಗಳಲ್ಲಿ ಕೆರೆ ಹಿಂದೆ ಸರಿದು, ವರ್ಷವೆಲ್ಲ ನೀರಡಿ ಇರುವ ನೆಲ ಬಿರುಕು ಬಿಟ್ಟು ಮೇಲೆ ಬರುತ್ತದೆ. ಬಟ್ಟೆ ಒಗೆಯುವವರು, ಗಾಳ ಹಾಕುವವರು ಎಷ್ಟು ಕಾಲದಿಂದ ಅಲ್ಲಿ ಕೂತಿಲ್ಲ! ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೋದೆ.

ತುಕ್ಕು ಹಿಡಿದ ಡಬ್ಬಿಯ ಮುಚ್ಚಳವೊಂದು ಸಿಕ್ಕಿ ಕನ್ನಡದಲ್ಲೇ ಗೊಣಗಿಕೊಂಡಾಗ, ದೂರದಿಂದ ನೋಡುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. ಹೆಸರು ನೀಲವ್ವ, ಬಿಜಾಪುರದ ಕಡೆಯವಳು. ಗಂಡ ಹಣಮಂತನ ಜೊತೆ ಅಲ್ಲೇ ಒಂದು ಕಟ್ಟಡದ ಕೆಲಸಕ್ಕೆ ಬಂದಿದ್ದಳು. ಯಂತ್ರ ಏನು ಮಾಡುತ್ತದೆಂದು ಕೇಳಿ ತಿಳಿದುಕೊಂಡಳು. ಆಮೇಲೆ, "ಅಣ್ಣಾರ, ನನ್ನ ಮಗಳ ಕಾಲಾಗ ಬೆಳ್ಳಿ ಕಡಗ ಅದಾವ್ರಿ. ನಿಮ್ಮ ಮಷೀನಿಗೆ ಕೇಳ್ತಾವೇನ್ರಿ?" ಎಂದಳು.

ಹಿಂದಿನ ಬೇಸಗೆಯಲ್ಲಿ ಅವಳ ಕೂಸು ಜ್ವರದಿಂದ ತೀರಿಕೊಂಡಿತ್ತು. ಕಡಗ ತೊಡಿಸಿ ಗಂಡಸರ ಕೈಗೆ ಕೊಟ್ಟವಳು ಅವಳೇ. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿಯಿಲ್ಲ. ಗಂಡಸರು ಜಾಲಿಯ ಪೊದೆಗಳಾಚೆ ಬಯಲು ನೋಡಿ ಹೂತು ಬಂದರು. ಕೆರೆ ಒಮ್ಮೆ ಬತ್ತಿದರೆ ವರ್ಷಗಟ್ಟಲೆ ತುಂಬದ ಸೀಮೆಯವರು ಅವರು. ಕಾಲಡಿಯ ಒಣನೆಲವೇ ಕೆರೆಯೆಂದು ಅವರಿಗೆ ಹೊಳೆಯಲಿಲ್ಲ. ಮೂರನೆಯ ದಿನ ಹಾಲುತುಪ್ಪ ಬಿಡಲು ಹೋಗುವಷ್ಟರಲ್ಲಿ ಮುಂಬಯಿಯ ಮಳೆ ಹಿಡಿದಿತ್ತು, ಗುರುತಿಗೆಂದು ಇಟ್ಟ ಕಲ್ಲುಗಳ ಮೇಲೆ ನೀರು ನಿಂತಿತ್ತು. ಈಗ ನೀರೇನೋ ಸರಿದಿತ್ತು, ಆದರೆ ಕಲ್ಲು ಕೆಸರಿನಲ್ಲಿ ಹೂತುಹೋಗಿ ಹಣಮಂತನಿಗೂ ಜಾಗ ತಿಳಿಯುತ್ತಿರಲಿಲ್ಲ. ಮರುದಿನ ಅವರ ಗುಂಪು ಕಲ್ಯಾಣದ ಆಚೆಯ ಕೆಲಸಕ್ಕೆ ಹೊರಡುವುದಿತ್ತು. ಹೋಗುವ ಮೊದಲು ಅವಳಿಗೆ ಆ ಹಾಲು ಬಿಡಬೇಕಿತ್ತು.

ಅಷ್ಟು ಆಳಕ್ಕೆ ನನ್ನ ಯಂತ್ರ ಕೇಳುವುದಿಲ್ಲವೆಂದು ಹೇಳಿದೆ. ಅವಳು ವಾದಿಸಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಅವಳ ಕೈಯಲ್ಲಿದ್ದ ಹಾಲಿನ ಹಿತ್ತಾಳೆ ಚೊಂಬು ಹತ್ತಿರವಿದ್ದರೆ ಯಂತ್ರ ಅದಕ್ಕೇ ಕೂಗೀತೆಂದು, ಅದನ್ನು ದೂರದ ಏರಿಯ ಮೇಲೆ ಕೂತಿದ್ದ ಗಂಡನ ಬಳಿ ಬಿಟ್ಟುಬರಲು ಹೇಳಿದೆ. ಹಣಮಂತ ಮಾತ್ರ ಎಷ್ಟು ಕರೆದರೂ ಕೆಳಗೆ ಇಳಿಯಲಿಲ್ಲ.

ಬಿಸಿಲು ಇಳಿಯುವವರೆಗೆ ನೆಲ ತಡವಿದೆ. ಸಿಕ್ಕಿದ್ದು ಒಂದು ಗಾಳದ ಕೊಕ್ಕೆ. ಇನ್ನು ಸಾಕೆಂದು ಹೇಳಬೇಕು ಎನ್ನುವಷ್ಟರಲ್ಲಿ ಯಂತ್ರ ಸಿಳ್ಳಿಟ್ಟಿತು. ಎಂದಿನ ಕೀರಲು ಸಿಳ್ಳಲ್ಲ. ಸಣ್ಣಗೆ ಏರುತ್ತಿತ್ತು, ಇಳಿಯುತ್ತಿತ್ತು. ಬಿಲ್ಲೆಯನ್ನು ಪಕ್ಕಕ್ಕೆ ಒಯ್ದರೂ ನಿಲ್ಲಲಿಲ್ಲ. ತಂತಿ ಸಡಿಲಾಗಿರಬೇಕೆಂದು ಪೆಟ್ಟಿಗೆಗೆ ಬಡಿದೆ, ಸ್ವಿಚ್ ತಿರುಗಿಸಿದೆ. ಸಿಳ್ಳು ಹಾಗೇ ಇತ್ತು. ನೀಲವ್ವ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಅಂಗೈ ಊರಿದಳು. ಆ ಕ್ಷಣ ಸಿಳ್ಳು ನಿಂತಿತು.

ಅವಳಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ. ಅಗೆಯುವುದು ಬೇಡವೆಂದಳು, ತಾನೇ ಏರಿಗೆ ಹೋಗಿ ಚೊಂಬು ತಂದು ಹಾಲುತುಪ್ಪ ಬಿಟ್ಟಳು. ಮಣ್ಣು ಸವರುತ್ತ, "ನಿಮ್ಮಪ್ಪಗ ಇದು ಕೆರಿ ಅಂತ ತಿಳೀಲಿಲ್ಲವ್ವಾ. ಸಿಟ್ಟಾಗಬ್ಯಾಡ. ಮಳಿ ಬಂದ್ರ ಹೆದರಬ್ಯಾಡ, ನೀರು ಮತ್ತ ಹಿಂದ ಸರೀತೈತಿ" ಎಂದಳು. ನಾನು ಬೇರೆ ಕಡೆ ಮುಖ ತಿರುಗಿಸಿ ನಿಂತೆ. ಅಳು ಬಂದಿತ್ತು.

ಬಸ್‌ಸ್ಟಾಪಿನವರೆಗೆ ಹಣಮಂತ ನನ್ನ ಜೊತೆ ಬಂದ. ದಾರಿಯಲ್ಲಿ ನಿಂತು ಸೊಂಟದ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಅದರಲ್ಲಿ ಎರಡು ಪುಟ್ಟ ಬೆಳ್ಳಿಯ ಕಡಗಗಳಿದ್ದವು. ಬೆಳ್ಳಿಯ ಆಸೆಗೆ ಯಾರಾದರೂ ಕೂಸನ್ನು ಅಗೆದು ತೆಗೆದಾರೆಂದು ಹೆದರಿ, ಹೂಳುವಾಗ ಅವನೇ ಬಿಚ್ಚಿಕೊಂಡಿದ್ದನಂತೆ. ಹೆಂಡತಿಗೆ ಹೇಳುವ ಧೈರ್ಯ ಈವರೆಗೂ ಬಂದಿರಲಿಲ್ಲ.

"ಕೂಸಿನ ಮೈಮ್ಯಾಲೆ ಏನೂ ಇರಲಿಲ್ರಿ. ಮತ್ತ ಆ ಸಪ್ಪಳ ಯಾವುದ್ರಿ?" ಎಂದು ಕೇಳಿದ. ಬಸ್ಸು ಬಂತು, ಹತ್ತಿದೆ.

ವಾರವಿಡೀ ನಿದ್ದೆ ಸರಿಯಾಗಲಿಲ್ಲ. ಯಂತ್ರವನ್ನು ಬಿಚ್ಚಿ ನೋಡಿದೆ, ಯಾವ ದೋಷವೂ ಇರಲಿಲ್ಲ. ಅಲ್ಲೇ ಯಾವುದೋ ಹಳೆಯ ಮೊಳೆ ಇದ್ದಿರಬೇಕೆಂದು ಮಿಲ್ಲಿನ ಗೆಳೆಯರು ಹೇಳಿದರು. ಇರಬಹುದು, ಪರೀಕ್ಷಿಸಿಯೇ ನೋಡೋಣವೆಂದು ಮುಂದಿನ ಭಾನುವಾರ ಮತ್ತೆ ಹೋದೆ. ಕೆಲಸಗಾರರ ಗುಡಿಸಲುಗಳು ಖಾಲಿಯಾಗಿದ್ದವು. ಹಾಲುತುಪ್ಪದ ಕಲೆಗೆ ಇರುವೆ ಮುತ್ತಿತ್ತು. ಅದರ ನಡುವೆ ಒಂದು ಕಡೆ ಮಣ್ಣು ಹೊಸದಾಗಿ ಕೆದಕಿ ಮುಚ್ಚಿದಂತಿತ್ತು.

ಬಿಲ್ಲೆಯನ್ನು ಅದರ ಮೇಲೆ ಹಿಡಿದೆ. ಯಂತ್ರ ಎಂದಿನ ಕೀರಲು ದನಿಯಲ್ಲಿ ಸಿಳ್ಳಿಟ್ಟಿತು. ಹೊರಡುವ ಮುನ್ನ ಹಣಮಂತ ಕೊನೆಗೂ ಏರಿಯಿಂದ ಇಳಿದು ಬಂದಿದ್ದ, ಮಗಳದ್ದನ್ನು ಮಗಳಿಗೆ ಕೊಟ್ಟು ಹೋಗಿದ್ದ. ಹಾಗೆಂದೇ ನಾನು ತಿಳಿದಿದ್ದೇನೆ, ಅಗೆದು ನೋಡಲಿಲ್ಲ. ಅಲ್ಲಿ ಮೊದಲು ಏನಿತ್ತೆಂದು ತಿಳಿಯುವ ದಾರಿಯೂ ಅದರೊಂದಿಗೆ ಮುಚ್ಚಿಹೋಯಿತು.

ಏಕೋ ನಾನೂ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಅಂಗೈ ಊರಿದೆ. ಸಿಳ್ಳು ನಿಲ್ಲಲಿಲ್ಲ.