ಆರು ಮಂಚಗಳ ಡಾಕ್ಟ್ರಮ್ಮ

ಇನ್ನೂ ಕೋಳಿ ಕೂಗಿ ಮುಗಿದಿಲ್ಲ. ಅರಕಲಗೂಡಿನಿಂದ ರುದ್ರಪಟ್ಟಣಕ್ಕೆ ಹೋಗುವ ದಾರಿಯ ಪಕ್ಕದ ಪುಟ್ಟ ಸರ್ಕಾರಿ ಆಸ್ಪತ್ರೆಯಲ್ಲಿ ಸೀಮೆಎಣ್ಣೆ ಸ್ಟೌ ಬುಸುಗುಟ್ಟುತ್ತಿದೆ. ಅದರ ಮೇಲಿನ ಪಾತ್ರೆಯಲ್ಲಿ ಸೂಜಿಗಳು ಕುದಿಯುತ್ತಿವೆ. ಡಾಕ್ಟರ್ ಅಂಬುಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ನೂರಾಮೂರು. ನಿನ್ನೆಗಿಂತ ಒಂದು ಗೆರೆಯೂ ಇಳಿದಿಲ್ಲ.

ಮಂಚದ ಮೇಲಿರುವವಳು ಮಲ್ಲಿಗಮ್ಮ, ಚೊಚ್ಚಲ ಬಾಣಂತಿ. ತಾಯಿಯಿಲ್ಲದ ಹುಡುಗಿ, ಅದಕ್ಕೇ ಗಂಡನ ಮನೆಯಲ್ಲೇ ಹೆರಿಗೆ. ಆಮೇಲೆ ನಂಜೇರಿ ಜ್ವರ ಕಾಯತೊಡಗಿದಾಗ ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದಾರೆ. ಪಕ್ಕದಲ್ಲಿ ನೆಲದ ಮೇಲೆ ಹಸುಗೂಸನ್ನು ತೊಡೆಯಲ್ಲಿ ಹಾಕಿಕೊಂಡು ಕೂತವಳು ಅತ್ತೆ ಸುಬ್ಬಮ್ಮ.

"ಓದ್ ವರ್ಸ ನನ್ ಮಗ್ಳು ಇಂಗೇ ಜರ ಬಂದು ಓಗ್ಬುಟ್ಲು ಡಾಕ್ಟ್ರವ್ವ. ಈಗ ಸೊಸೆನೂ ಕಳ್ಕಂಡ್ರೆ ಯಾವ್ ಮಕ ಇಟ್ಕಂಡು ಊರ್ಗೋಗ್ಲಿ?" ಎನ್ನುತ್ತಾಳೆ. ಅಂಬುಜಮ್ಮ ಪೆನಿಸಿಲಿನ್ ಸೂಜಿ ಚುಚ್ಚಿ, ರೋಗಿಯ ಕೈ ಹಿಡಿದು ಅಲ್ಲೇ ಕೂರುತ್ತಾರೆ.

ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿದ ಅಂಬುಜಮ್ಮನವರಿಗೆ ಡಾಕ್ಟರಿಕೆ ಸಲೀಸಾಗಿ ಒಲಿದದ್ದಲ್ಲ. ಹೆಣ್ಣುಮಗಳು ಹೆಣ ಕೊಯ್ಯುತ್ತಾಳಂತೆ ಎಂದು ಬೀದಿಯೇ ಮೂಗು ಮುರಿಯಿತು. ಗೊತ್ತಾಗಿದ್ದ ಗಂಡೂ ಹಿಂದೆ ಸರಿದ. "ಆ ಮಹಾರಾಯ ತಪ್ಪಿಸಿಕೊಂಡ, ನಾನೂ ತಪ್ಪಿಸಿಕೊಂಡೆ" ಎಂದು ಈಗ ನಗುತ್ತಾರೆ. ಜೊತೆಯಲ್ಲಿ ಓದಿದವರು ಮೈಸೂರು ಬೆಂಗಳೂರುಗಳಲ್ಲಿ ಬೋರ್ಡು ಹಾಕಿಕೊಂಡು ಕಾರಿನಲ್ಲಿ ಓಡಾಡುತ್ತಾರೆ. ಐವತ್ತೆರಡನೇ ಇಸವಿಯಲ್ಲಿ ಇಲ್ಲಿಗೆ ಬಂದ ಇವರಿಗೆ ಹತ್ತು ವರ್ಷ ದಾಟಿದರೂ ಇರುವುದು ಆರು ಮಂಚ, ಒಂದು ಬಾವಿ, ಒಬ್ಬ ಕಾಂಪೌಂಡರು, ಆಯಾ ಪುಟ್ಟತಾಯಮ್ಮ, ಅಷ್ಟೇ. ಬಾಗಿಲು ತೆಗೆಯುವ ಹೊತ್ತಿಗೆ ಅರವತ್ತು ಎಪ್ಪತ್ತು ಜನ ಔಷಧಿಗೆಂದು ಖಾಲಿ ಸೀಸೆ ಹಿಡಿದು ಜಗಲಿಯಲ್ಲಿ ಕಾಯುತ್ತಿರುತ್ತಾರೆ. ಸಂತೆಯ ದಿನವಂತೂ ಮಧ್ಯಾಹ್ನದ ಊಟ ಸಂಜೆಗೆ.

ಜ್ವರಕ್ಕಿಂತ ದೊಡ್ಡ ತಕರಾರು ನೀರಿನದು. ಬಾಣಂತಿ ನೀರು ಕುಡಿದರೆ ಮೈ ಊದುತ್ತದೆಂದು ಸುಬ್ಬಮ್ಮ ಚೊಂಬನ್ನೇ ಬಚ್ಚಿಟ್ಟಿದ್ದಾಳೆ. ಮಲ್ಲಿಗಮ್ಮನ ತುಟಿ ಒಡೆದುಹೋಗಿದೆ. ಮೊದಮೊದಲು ಇಂಥದ್ದಕ್ಕೆ ಅಂಬುಜಮ್ಮ ಕೂಗಾಡುತ್ತಿದ್ದರಂತೆ. ಕೂಗಾಡಿದ ಮರುದಿನ ನೋಡಿದರೆ ಮಂಚ ಖಾಲಿ, ರೋಗಿಯನ್ನು ಹೇಳದೆ ಕೇಳದೆ ಮನೆಗೆ ಕರೆದೊಯ್ದಿರುತ್ತಿದ್ದರು! ಈಗ ಅವರು ಕುದಿಸಿದ ನೀರಿಗೆ ಒಂದು ಚಿಟಿಕೆ ಜೀರಿಗೆ ಹಾಕಿ ಲೋಟವನ್ನು ಸುಬ್ಬಮ್ಮನ ಕೈಗೇ ಕೊಡುತ್ತಾರೆ.

"ಇದು ಕಷಾಯ. ಗಂಟೆಗೊಂದು ಲೋಟ ನೀನೇ ಕುಡಿಸಬೇಕು ಸುಬ್ಬಮ್ಮ, ಬೇರೆಯವರ ಕೈಗೆ ಕೊಡಬೇಡ."

ಸುಬ್ಬಮ್ಮ ಮೂಸಿ ನೋಡುತ್ತಾಳೆ. ಡಾಕ್ಟರ ಮುಖವನ್ನೂ ನೋಡುತ್ತಾಳೆ. ಆಮೇಲೆ ಸೊಸೆಯ ತಲೆಯನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಾಳೆ.

ಮೂರನೆಯ ಬೆಳಿಗ್ಗೆ ಮಲ್ಲಿಗಮ್ಮನ ಹಣೆ ಬೆವರುತ್ತದೆ. "ಅತ್ತೆ, ಒಟ್ಟೆ ಅಸೀತದೆ" ಎನ್ನುತ್ತಾಳೆ. ಅಂಬುಜಮ್ಮ ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಾರೆ, ಆದರೂ ಕಣ್ಣು ಕೆಂಪಗೇ ಇದೆ. ಸುಬ್ಬಮ್ಮ ಅವರನ್ನು ಕಂಬದ ಮರೆಗೆ ಕರೆಯುತ್ತಾಳೆ. "ಅದು ಬರೀ ನೀರೇ ಅಂತ ನಂಗೂ ಗೊತ್ತಿತ್ತು ಕಣವ್ವ. ಊರೋರು ಕೇಳುದ್ರೆ ಕಸಾಯ ಅನ್ಬೋದಲ್ಲ ಅಂತ ಸುಮ್ಕಿದ್ದೆ." ಡಾಕ್ಟರಿಗೆ ಅಳುವಿನ ಮೇಲೇ ನಗು.

ಮುಂದಿನ ವಾರ ಗಾಡಿ ಬಂದು ನಿಲ್ಲುತ್ತದೆ. ಮಲ್ಲಿಗಮ್ಮ ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಅವುಚಿಕೊಂಡು ತಾನೇ ನಡೆದು ಗಾಡಿ ಹತ್ತುತ್ತಾಳೆ. ಅಂಬುಜಮ್ಮ ಬಾಗಿಲಲ್ಲೇ ನಿಂತಿದ್ದಾರೆ. ಒಂದು ನಮಸ್ಕಾರವಿಲ್ಲ, ಒಂದು ಮಾತಿಲ್ಲ. ಸೊಸೆ ಕತ್ತು ತಿರುಗಿಸಹೋದರೆ ಸುಬ್ಬಮ್ಮ ಅವಳ ಗದ್ದ ಹಿಡಿದು ಮುಂದಕ್ಕೆ ತಿರುಗಿಸುತ್ತಾಳೆ. ನೋಡುತ್ತ ನಿಂತವರಿಗೆ ಮೈ ಉರಿಯುತ್ತದೆ. ಇಷ್ಟೆಲ್ಲ ಮಾಡಿದ ಡಾಕ್ಟರಿಗೆ ಸಿಗುವ ತೃಪ್ತಿ ಇಷ್ಟೇನೇ ಎಂದು ಕೇಳಿದರೆ ಅಂಬುಜಮ್ಮ ಗಾಡಿಯಿಂದ ಕಣ್ಣು ಕೀಳದೆ ಹೇಳುತ್ತಾರೆ:

"ಬಂದ ಹೊಸತರಲ್ಲಿ ನಾನೂ ಬೇಜಾರಾಗಿ ಅತ್ತಿದ್ದೆ. ಆಗ ಪುಟ್ಟತಾಯಮ್ಮ, 'ಆಸ್ಪತ್ರೇಲಿ ಓಗ್ಬತ್ತೀನಿ ಅನ್ಬಾರ್ದು ಕಣ್ರವ್ವ, ತಿರುಗೂ ನೋಡ್ಬಾರ್ದು. ನೋಡುದ್ರೆ ಮತ್ತೆ ಇಲ್ಗೇ ಬರ್ಬೇಕಾಯ್ತದೆ' ಅಂದಳು. ಅವತ್ತಿನಿಂದ ಯಾರು ಗುಣವಾಗಿ ಹೊರಟರೂ ಬಾಗಿಲಿಗೆ ಬಂದು ಅವರ ಬೆನ್ನು ನೋಡುತ್ತೇನೆ. ಇದಕ್ಕಿಂತ ತೃಪ್ತಿ ಇನ್ನೇನು ಬೇಕು?"

ಗಾಡಿ ತಿರುವಿನಲ್ಲಿ ಮರೆಯಾಗುತ್ತದೆ. ಅಂಬುಜಮ್ಮ ಒಳಗಿನ ಮಂಚಗಳತ್ತ ಹೊರಳುತ್ತಾರೆ.

"ಇನ್ನೂ ಐದು ಜನ ಮಲಗಿದ್ದಾರೆ. ಅವರೂ ನನ್ನ ಮುಖ ನೋಡದೆ ಹೋಗಿಬಿಟ್ಟರೆ ಸಾಕು."