ಅರ್ಧ ಡಬ್ಬಿ ಕರಿ ಬಣ್ಣ

ಮೊನ್ನೆ, ನಾವೀಗ ಇರುವ ಕಾಮೋಠೆಯ ಸೊಸೈಟಿಯ ಗಣಪತಿ ಮಂಟಪದ ಹಿಂದೆ ಮೇಕಪ್ಪಿನವನು ಒಂದು ಡಬ್ಬಿಯ ಮುಚ್ಚಳ ತೆಗೆದ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕರಿ ಬಣ್ಣ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೈಯೆಲ್ಲ ಉರಿಯಿತು. ಸೆಕ್ರೆಟರಿ ಪಕ್ಕದಲ್ಲೇ ನಿಂತಿದ್ದರು. ಡೊಂಬಿವಲಿಯಲ್ಲಿ ನಾನು ಮಾಡುತ್ತಿದ್ದ ಮದರಾಸಿ ಐಟಂ ಇಲ್ಲೂ ಒಮ್ಮೆ ಆಗಿಬಿಡಲಿ ಎಂದು ಅವರ ಆಸೆ.

ಆ ಐಟಂ ಏನೆಂದು ನಿಮಗೆ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಗದಗಿನ ಕಡೆಯವರು, ಶಹಾಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಬಿಲ್ಡಿಂಗಿನ ಗಣಪತಿ ಎದುರು ಪ್ರತಿವರ್ಷ ಒಂದು ಹಾಸ್ಯದ ಆಟ ಇರುತ್ತಿತ್ತು. ಅದರಲ್ಲಿ ಮದರಾಸಿ ನಾನೇ. ಒಮ್ಮೆಯೂ ಯಾರೂ ನನ್ನನ್ನು ಕೇಳಲಿಲ್ಲ. ಲುಂಗಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಇಡ್ಲಿ ತಟ್ಟೆ. ನಮ್ಮ ಮನೆಯಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ ಸ್ವಾಮಿ! ಅಪ್ಪನ ಹತ್ತಿರ ಲುಂಗಿಯೇ ಇರಲಿಲ್ಲ. ಮದರಾಸನ್ನು ನಾವು ನಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಆ ಪಾತ್ರಕ್ಕೆ ನನಗಿದ್ದ ಅರ್ಹತೆ ನನ್ನ ಮೈಬಣ್ಣ ಒಂದೇ. ಅದೂ ಸಾಲದೆಂದು ಮೇಲೊಂದು ಪದರ ಬಳಿಯುತ್ತಿದ್ದರು. ಇವನಿಗೆ ಅರ್ಧ ಡಬ್ಬಿ ಸಾಕು ಎಂದು ಒಬ್ಬ ಅನ್ನುವನು, ಉಳಿದವರು ನಗುವರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ನಮ್ಮವರ ನಡುವೆಯಾದರೂ ಇರೋಣ ಎಂದು ಕನ್ನಡ ಸಂಘಕ್ಕೆ ಹೋದೆ. ಅಲ್ಲಿ ನನ್ನ ಮಾತಿನಲ್ಲಿ ನುಸುಳುವ ಮರಾಠಿ ಕೇಳಿ, ನಾಟಕದಲ್ಲಿ ಮರಾಠಿ ವಾಚ್‌ಮನ್ ಮಾಡಿ ನಿಲ್ಲಿಸಿದರು. ಅವರೂ ನಕ್ಕರು. ಕಲ್ಯಾಣದಿಂದ ಠಾಣೆಯವರೆಗೆ ನಾನು ನಾನಾಗಿ ನಿಲ್ಲಲು ಒಂದಡಿ ಜಾಗ ಇರಲಿಲ್ಲ. ಲೋಕಲ್ ರೈಲೇ ವಾಸಿ, ಅಲ್ಲಿ ನೂಕುವವರು ಯಾವ ಊರೆಂದು ಕೇಳಿ ನೂಕುವುದಿಲ್ಲ.

ನಗಿಸಿದರೆ ನಮ್ಮವನು ಅಂದುಕೊಳ್ಳುತ್ತಾರೆ ಎಂಬ ಹುಚ್ಚು ನನಗೆ. ಒಂದು ವರ್ಷ ನಗು ಕಡಿಮೆಯಾದಂತೆ ಕಂಡು, ವೇದಿಕೆಯ ಮೇಲೆ ಅಪ್ಪನ ನಡಿಗೆ ನಡೆದೆ. ಮೆಷಿನ್ನಿನ ಮುಂದೆ ನಿಂತೂ ನಿಂತೂ ಅವರ ಮೊಣಕಾಲು ಹೋಗಿದ್ದವು. ಹೆಜ್ಜೆಗೊಮ್ಮೆ ಮೈ ಆಚೆಗೂ ಈಚೆಗೂ ವಾಲುತ್ತಿತ್ತು. ನಾನೂ ಹಾಗೇ ವಾಲಿದೆ. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ, ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿದರು. ಅಪ್ಪನೂ ನಕ್ಕರು.

ಮನೆಗೆ ಬಂದು ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದಾಗ ಅಪ್ಪ ಕೇಳಿದರು, "ಖರೇನ ನಾ ಹಂಗ ನಡೀತೀನೇನು?"

ನಾನು ಕಿವಿಯ ಹಿಂದಿನ ಬಣ್ಣ ಉಜ್ಜುತ್ತಲೇ ಇದ್ದೆ. ಮರುದಿನದಿಂದ ಅವರು ಡ್ಯೂಟಿಗೆ ಹೋಗುವಾಗ ಹಿಂದಿನ ಗೇಟು ಹಿಡಿದರು. ಸ್ಟೇಷನ್ನಿಗೆ ಅದು ಸುತ್ತು, ಗಟಾರದ ಪಕ್ಕದ ದಾರಿ. ಕಂಪೌಂಡಿನಲ್ಲಿ ಮಕ್ಕಳು ಅವರ ಹಿಂದೆ ವಾಲಿಕೊಂಡು ನಡೆಯುತ್ತಿದ್ದರಂತೆ. ರಿಟೈರ್ ಆಗುವವರೆಗೂ, ಆ ಕಾಲಿನಲ್ಲಿ, ಅದೇ ದಾರಿ. ನಾನೋ, ನಡಿಗೆಯನ್ನು ಬಿಟ್ಟೆ, ವೇಷವನ್ನು ಬಿಡಲಿಲ್ಲ. ಬಣ್ಣ ಬಳಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಆ ನಡಿಗೆಯನ್ನು ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಸಿಟ್ಟನ್ನು ಯಾರ ಮೇಲೆ ತೀರಿಸಲಿ, ನೀವೇ ಹೇಳಿ.

ಮೊನ್ನೆ ಡಬ್ಬಿಯ ಮುಚ್ಚಳ ಹಾಕಿ ಸೆಕ್ರೆಟರಿಯ ಕೈಗಿಟ್ಟೆ. ಆ ವೇಷ ಇನ್ನಿಲ್ಲ, ಬೇಕಾದರೆ ನನ್ನ ಮುಖದಲ್ಲೇ ಮಾತಾಡುತ್ತೇನೆ ಎಂದೆ. ಬರೀ ಕಾಮಿಡಿ ತಾನೆ, ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುವುದೇಕೆ ಎಂದು ಅವರು ಗೊಣಗಿದರು. ಇಷ್ಟು ವರ್ಷ ನಾನೂ ನನಗೆ ಅದನ್ನೇ ಹೇಳಿಕೊಂಡಿದ್ದೆ. ವೈರ್ ಇಲ್ಲದ ಮೈಕನ್ನು ಎತ್ತಿಕೊಂಡು ನೆಟ್ಟಗೆ ನಮ್ಮ ಮನೆಗೆ ನಡೆದೆ. ಮನೆ ನೆಲಮಹಡಿಯಲ್ಲೇ ಇದ್ದರೂ ಅಪ್ಪ ಮಂಟಪಕ್ಕೆ ಬರುವವರಲ್ಲ. ಕಿಟಕಿಯ ಹತ್ತಿರ ಕೂತು ಕೇಳುತ್ತಾರೆ.

"ಬರ್ರಿ ಅಪ್ಪಾ, ಮುಂದಿನ ಕುರ್ಚಿ ಹಿಡದೀನಿ."

"ಇವತ್ತ ಯಾರ ಸೋಗು ಹಾಕ್ತಿ?"

"ಯಾರದೂ ಇಲ್ಲ. ಅವತ್ತ ನಿಮ್ಮ ನಡಿಗಿ ನಾ ಸ್ಟೇಜಿನ ಮ್ಯಾಲ ಒಯ್ಯಬಾರದಿತ್ತು."

ಅಪ್ಪ ಕಿಟಕಿ ಬಿಟ್ಟು ಎದ್ದರು. ಕಾಲಿನಲ್ಲೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು.

ಕಂಪೌಂಡಿನ ನಟ್ಟನಡುವೆ, ಎರಡು ಕಡೆ ಕುರ್ಚಿ ಹಾಕಿ ಕೂತಿದ್ದ ಜನರ ಮಧ್ಯೆ, ಅಪ್ಪ ವಾಲುತ್ತ ವಾಲುತ್ತ ನಡೆದರು. ಹಿಂದೆ ನಾನು, ಒಂದೊಂದೇ ಮುಖ ನೋಡುತ್ತ. ಒಬ್ಬರಾದರೂ ನಗಲಿ, ಅವರ ಮೇಲೆ ಸಿಟ್ಟು ತೀರಿಸುತ್ತೇನೆ ಎಂದು ಕಾಯುತ್ತಿದ್ದೆ. ಕೈಯಲ್ಲಿದ್ದ ಮೈಕ್ ಆನ್ ಇತ್ತು.