ಅಕ್ಕನ ಪಾಲಿನ ನೂರೊಂದನೆಯ ಉಂಡಿ

ನಾನು ಚಿಕ್ಕವನಿದ್ದಾಗ ನೂರಕ್ಕಿಂತ ಚಂದದ ಸಂಖ್ಯೆ ಇನ್ನೊಂದಿಲ್ಲ ಅಂದುಕೊಂಡಿದ್ದೆ. ಶಾಲೆಯಲ್ಲಿ ನೂರಕ್ಕೆ ನೂರು ತಂದವರ ಬೆನ್ನು ತಟ್ಟುತ್ತಿದ್ದರು ಮೇಷ್ಟ್ರು. ನನ್ನ ಬೆನ್ನಿಗೆ ಆ ಭಾಗ್ಯ ಒಮ್ಮೆಯೂ ಬರಲಿಲ್ಲ, ಅದು ಬೇರೆ ಮಾತು ಬಿಡಿ. ಆದರೆ ನಮ್ಮ ಅವ್ವ ಮಾತ್ರ ನೂರನ್ನು ನಂಬುತ್ತಿರಲಿಲ್ಲ. ಯಾರಿಗೆ ತೆಂಗಿನಕಾಯಿ ಕೊಡಲಿ, ವೀಳ್ಯದೆಲೆ ಕೊಡಲಿ, ನೂರರ ಮೇಲೊಂದು ಇರಲೇಬೇಕು. ಆ ಮೇಲಿನ ಒಂದರಿಂದ ನಾನು ಅತ್ತ ದಿನದ ಕಥೆ ಇದು ಮಕ್ಕಳೇ.

ನಮ್ಮೂರು ಹೊಸಹಳ್ಳಿ. ಅಕ್ಕನನ್ನು ಚಿಗಟೇರಿಗೆ ಕೊಟ್ಟಿದ್ದರು. ಅವಳಿಗೆ ಐದು ತಿಂಗಳು ತುಂಬಿದೆ, ಅವ್ವನ ಕೈಯ ಶೇಂಗಾ ಉಂಡಿ ತಿನ್ನುವ ಬಯಕೆಯಾಗಿದೆ ಎಂದು ಸಂತೆಗೆ ಬಂದವರು ಯಾರೋ ಹೇಳಿದರು. ಅವ್ವ ಅಂದೇ ಶೇಂಗಾ ಹುರಿಯಲು ಕುಳಿತಳು. ಹೊಟ್ಟು ಊದಿ ಊದಿ ನನ್ನ ತಲೆಯೆಲ್ಲ ಕೆಂಪಾಯಿತು. ಒರಳಿನಲ್ಲಿ ಶೇಂಗಾ, ಬೆಲ್ಲ, ಚೂರು ಏಲಕ್ಕಿ ಕೂಡಿಸಿ ಕುಟ್ಟುವಾಗ ಎದ್ದ ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಉಂಡಿಗಳನ್ನು ಕಂಬಳಿಯ ಮೇಲೆ ಬಿಳಿ ಬಟ್ಟೆ ಹಾಸಿ ಆರಲು ಇಟ್ಟಿದ್ದಳು. ನನಗೆ ಅದೇ ಆಟವಾಯಿತು. ಎರಡೆರಡು ಜೋಡಿಸಿದೆ, ಒಂದು ಉಳಿಯಿತು. ಮೂರುಮೂರರ ಸಾಲು ಮಾಡಿದೆ, ಎರಡು ಉಳಿದವು. ನಾಲ್ಕರ ಸಾಲಿನಲ್ಲಿ ಒಂದು, ಐದರಲ್ಲೂ ಒಂದು. ಆರರಲ್ಲಿ ಐದು, ಏಳರಲ್ಲಿ ಮೂರು. ಹತ್ತರ ತನಕ ಹೋದೆ. ಹಾಳಾದ್ದು, ಯಾವ ಸಾಲೂ ಸರಿಯಾಗಿ ಮುಗಿಯಲಿಲ್ಲ!

"ಯವ್ವಾ, ಇವು ಪಾಲಿಗೇ ಬರವಲ್ವು" ಎಂದೆ.

ಅವ್ವ ನಕ್ಕಳು. "ಬರಬಾರದಂತನೇ ನೂರೊಂದು ಕಟ್ಟೀನಿ. ತವರಿಂದ ಬಂದಿದ್ದನ್ನ ಅಲ್ಲಿ ಓಣಿಗೆಲ್ಲ ಸಮ ಹಂಚ್ತಾರ. ಸೊಸಿ ತಾನಾಗೇ ಎತ್ತಿ ಬಾಯಿಗಿಟ್ಕೊಳ್ಳಂಗಿಲ್ಲ, ಹಂಚಿ ಮಿಕ್ಕಿದ್ದಷ್ಟೇ ಆಕಿಗೆ. ಎಷ್ಟು ಮನಿಗೆ ಹಂಚಿದ್ರೂ ಒಂದಾದ್ರೂ ಮಿಗಬೇಕಲ್ಲ? ನಮ್ಮವ್ವನೂ ನನಗ ಹಿಂಗ ಕಳಸ್ತಿದ್ಲು."

"ನೂರೊಂದು ಮನಿ ಇದ್ರ?"

"ಅಷ್ಟು ದೊಡ್ಡ ಓಣಿಗೆ ನಿಮ್ಮಕ್ಕನ್ನ ಕೊಟ್ಟಿಲ್ಲ ಬಿಡಲೇ!"

ಅದು ಕುರಿಗಳು ಮರಿ ಹಾಕುವ ಕಾಲ, ಅವ್ವ ಮನೆ ಬಿಟ್ಟು ಬರುವಂತಿರಲಿಲ್ಲ. ಅಪ್ಪ ಎಣಿಸಿ ಬುಟ್ಟಿಗೆ ತುಂಬಿ, ಬಟ್ಟೆ ಬಿಗಿದು ಕಟ್ಟಿದ. ನಾವಿಬ್ಬರೇ ಹೊರಟೆವು. ಕೊಟ್ಟೂರಿನಲ್ಲಿ ಒಮ್ಮೆ ಬಸ್ ಬದಲಿಸಿದೆವು. ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟು ಅಪ್ಪ ನೀರು ಕುಡಿದು ಬರಲು ಹೋದ. ಬಿಸಿಲಿಗೆ ಬೆಲ್ಲದ ವಾಸನೆ ಇನ್ನೂ ಜೋರಾಗಿತ್ತು. ಬೆಳಗಿನಿಂದ ಹೊಟ್ಟೆಗೆ ಅರ್ಧ ರೊಟ್ಟಿ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಆಗ ನನ್ನ ತಲೆ ಎಂಥ ಲೆಕ್ಕ ಹಾಕಿತು ನೋಡಿ: ಒಂದು ತೆಗೆದರೆ ಪೂರಾ ನೂರು ಉಳೀತಾವಲ್ಲ, ನೂರು ಅಂದ್ರೆ ಇನ್ನೂ ಚಲೋನೇ! ಗಂಟಿನ ಸಂದಿಯಲ್ಲಿ ಕೈ ತೂರಿಸಿದೆ. ಅರ್ಧ ತಿನ್ನುವಷ್ಟರಲ್ಲಿ ಅಪ್ಪ ಬರುವುದು ಕಂಡಿತು. ಉಳಿದರ್ಧ ಚಡ್ಡಿಯ ಜೇಬಿಗೆ ಹೋಯಿತು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮುಖ ಬಾಡಿತ್ತು, ಆದರೆ ಬುಟ್ಟಿ ಕಂಡದ್ದೇ ಕಣ್ಣು ಅರಳಿದವು. "ಅವ್ವ ಏನು ಕಳಿಸ್ಯಾಳಲೇ?" ಎಂದು ನನ್ನ ಕೆನ್ನೆ ಹಿಂಡಿದಳು. "ಬರ್ರಿ ಬೀಗರ, ಒಳಗ ಬರ್ರಿ" ಎಂದು ಅವಳ ಅತ್ತೆ ನೀರು ಕೊಟ್ಟಳು. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಆದರೆ ಪದ್ಧತಿ ಬಿಡುವವಳಲ್ಲ. ಅಲ್ಲೇ ಗಂಟು ಬಿಚ್ಚಿ ಎಣಿಸಿದಳು.

"ನೂರು! ನಮ್ಮ ಓಣಿಯಾಗ ಇಪ್ಪತ್ತು ಮನಿ, ಮನಿಗೆ ಐದರಂಗ ಸರಿ ಹೋತು ನೋಡ್ರಿ. ಬೀಗ್ತಿ ಲೆಕ್ಕ ಹಾಕೇ ಕಳಿಸ್ಯಾಳ!"

ನನ್ನ ಕೈ ಚಡ್ಡಿಯ ಜೇಬಿನ ಮೇಲೆ ಹೋಯಿತು. ಐದೈದರ ಇಪ್ಪತ್ತು ಗುಂಪಾದವು, ಒಂದೂ ಮಿಗಲಿಲ್ಲ. ಮನೆಯ ಪಾಲಿನ ಐದು ಅಕ್ಕನ ಅತ್ತೆ, ಮಾವ, ಗಂಡ, ಇಬ್ಬರು ಮೈದುನರಿಗೆ ಮುಗಿದವು. ಅಪ್ಪ ತಾನೇ ಎಣಿಕೆ ತಪ್ಪಿದೆನೇನೋ ಎಂದು ನೆಲ ನೋಡುತ್ತ ಕುಳಿತ. ಅಕ್ಕ ಖಾಲಿ ಬಟ್ಟೆ ಕೊಡವಿದಳು, ಒಮ್ಮೆ ಮೂಸಿ ನೋಡಿದಳು, ಮಡಚಿಕೊಂಡು ಹಿತ್ತಲಿಗೆ ಹೋದಳು.

ನನಗೆ ತಡೆಯಲಾಗಲಿಲ್ಲ. ಹಿಂದೆಯೇ ಓಡಿದೆ. ಅಕ್ಕ ಮುಸುರೆ ತಿಕ್ಕಲು ಕುಳಿತಿದ್ದಳು. ಜೇಬಿನಿಂದ ಅರ್ಧ ಉಂಡಿ ತೆಗೆದೆ. ಅದಕ್ಕೆ ನೂಲು ಅಂಟಿತ್ತು, ಒಂದು ಗೋಲಿಯೂ ಅಂಟಿಕೊಂಡು ಬಂತು. "ಯಕ್ಕಾ, ನಿನ್ನ ಉಂಡಿ ನಾ ತಿಂದೆ" ಎಂದು ಗೊಳೋ ಎಂದು ಅತ್ತೆ. ಅವ್ವನ ನೂರೊಂದರ ಗುಟ್ಟನ್ನೂ ಬಿಕ್ಕುತ್ತಲೇ ಹೇಳಿದೆ.

ಅಕ್ಕ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. "ಹುಚ್ಚಪ್ಪ, ಅವ್ವನ ಗುಟ್ಟು ನನಗ ಗೊತ್ತಿಲ್ಲೇನು? ನನ್ನ ಪಾಲಿಂದು ನನ್ನ ತಮ್ಮ ತಿಂದ್ರ ಯಾರಪ್ಪನ ಗಂಟು ಹೋತು?" ಕೈ ತೊಳೆದುಕೊಂಡು, ಆ ಅರ್ಧವನ್ನು ಸೆರಗಿನಿಂದ ಒರೆಸಿ, ಮತ್ತೆ ಎರಡು ಚೂರು ಮಾಡಿದಳು. ಒಂದು ನನ್ನ ಬಾಯಿಗಿಟ್ಟಳು. ಇನ್ನೊಂದನ್ನು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ತಿಂದಳು. ನನ್ನ ಚೂರು ಮಾತ್ರ ಕಣ್ಣೀರು ಬೆರೆತು ಉಪ್ಪುಪ್ಪಾಗಿತ್ತು.

ಮುಂದೆ ದೊಡ್ಡ ತರಗತಿಗೆ ಹೋದಾಗ, ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ಸರಿಯಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಅನ್ನುತ್ತಾರೆ, ನೂರೊಂದು ಅಂಥದ್ದೇ ಎಂದು ಮೇಷ್ಟ್ರು ಹೇಳಿದರು. ಓದು ಬಾರದ ಅವ್ವನಿಗೆ ಆ ಹೆಸರು ಗೊತ್ತಿರಲಿಲ್ಲ. ಮಗಳ ಬಾಯಿಗೆ ಒಂದು ಉಂಡಿ ಹೇಗೆ ಮುಟ್ಟಿಸಬೇಕು ಎನ್ನುವುದು ಗೊತ್ತಿತ್ತು.

ಈಗ ನಿಮ್ಮ ಮನೆಗೆ ಉಂಡಿ ಅಂಗಡಿಯಿಂದ ಡಬ್ಬಿಯಲ್ಲಿ ಬರುತ್ತದೆ, ಎಣಿಸಿ ಹನ್ನೆರಡು. ನಾಲ್ವರಿಗೆ ಮೂರುಮೂರು, ತಕರಾರೇ ಇಲ್ಲ. ಡಬ್ಬಿ ತೆರೆದ ಕೂಡಲೇ ನಿಮ್ಮಮ್ಮ ಮೊದಲನೆಯದನ್ನು ತಾನೇ ಎತ್ತಿ ಬಾಯಿಗಿಟ್ಟುಕೊಳ್ಳುತ್ತಾಳೆ. ಅದನ್ನು ನೋಡಿದರೆ ಈ ಅಜ್ಜನಿಗೆ ಎಷ್ಟು ಸಂತೋಷವಾಗುತ್ತದೆ ಗೊತ್ತೇನು? ಮಿಕ್ಕಿದ್ದಕ್ಕೆ ಕಾಯುವ ಸೊಸೆ ನಮ್ಮ ಮನೆಯಲ್ಲಿ ಈಗಿಲ್ಲ.

ಆದರೂ ವರ್ಷಕ್ಕೊಮ್ಮೆ ನಾನು ನೂರೊಂದು ಶೇಂಗಾ ಉಂಡಿ ಕಟ್ಟಿಸಿಕೊಂಡು ಚಿಗಟೇರಿಗೆ ಹೋಗುತ್ತೇನೆ. ಅಕ್ಕನಿಗೆ ಈಗ ಹಲ್ಲಿಲ್ಲ, ಕಣ್ಣೂ ಮಂಜು. "ಎಣಿಸೀಯೇನಲೇ?" ಎಂದು ಕೇಳುತ್ತಾಳೆ. "ಎಣಿಸೀನಿ ಯಕ್ಕಾ, ನೂರೊಂದು" ಅನ್ನುತ್ತೇನೆ. ಅವಳು ನಂಬುವುದಿಲ್ಲ. ಮೊದಲು ನನ್ನ ಜೇಬು ತಡವಿ ನೋಡುತ್ತಾಳೆ, ಆಮೇಲೆ ಒಂದು ಉಂಡಿ ಮುರಿದು ಅರ್ಧ ನನ್ನ ಬಾಯಿಗಿಡುತ್ತಾಳೆ.